ಮಳೆ ಕಮ್ಮಿ ಇದ್ದರೂ ಡೆಂಗಿ ಯಾಕೆ ಜಾಸ್ತಿ? ಹವಾಮಾನಕ್ಕೂ ಇದಕ್ಕೂ ಏನು ಸಂಬಂಧ?

ಕಿಟಕಿಬೆಳಕು
ಈ ಸಲ ಮಳೆ ಸರಿಯಾಗಿ ಬಂದೇ ಇಲ್ಲ. ಆದರೂ ಸುತ್ತಮುತ್ತ ಎಲ್ಲಿ ಕೇಳಿದರೂ ಡೆಂಗಿ. ನನ್ನ ತಂಗಿಗೂ ಬಂದಿತ್ತು, ಈಗಷ್ಟೇ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾಳೆ. ಇದು ಮಳೆಗಾಲದ ಕಾಯಿಲೆ ಅಂತ ಎಲ್ಲರೂ ಹೇಳುತ್ತಾರೆ ಅಲ್ವಾ, ಹಾಗಿದ್ದರೆ ಮಳೆಯೇ ಇಲ್ಲದಾಗ ಎಲ್ಲಿಂದ ಬಂತು? ಒಬ್ಬರು ಬಿಸಿಲು ಕಾರಣ ಅನ್ನುತ್ತಾರೆ, ಇನ್ನೊಬ್ಬರು ಕಸ ಅನ್ನುತ್ತಾರೆ. ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಹನಿಸಾಲು
ಮಳೆ ಬಂದರೆ ನೀರು ನಿಲ್ಲುತ್ತದೆ, ನೀರು ನಿಂತರೆ ಸೊಳ್ಳೆ. ಮಳೆ ಕಮ್ಮಿ ಅಂದರೆ ಸೊಳ್ಳೆಯೂ ಕಮ್ಮಿಯೇ ಇರಬೇಕು. ಬೇರೆ ಯಾವುದೋ ಜ್ವರ ಇರಬಹುದಲ್ವಾ? ಟೆಸ್ಟ್ ಮಾಡಿಸಿದ್ದೀರಾ?

ಕಿಟಕಿಬೆಳಕು
ಮಾಡಿಸಿದ್ದೇವೆ. ಎನ್‌ಎಸ್‌1 ಅನ್ನುವ ಡೆಂಗಿಯ ರಕ್ತಪರೀಕ್ಷೆ ಪಾಸಿಟಿವ್ ಬಂತು. ಡೆಂಗಿಯೇ.

ತೊಟ್ಟಿಕಾವಲು
ನಾನು ಲಾರ್ವಾ, ಅಂದರೆ ನೀರಿನಲ್ಲಿರುವ ಸೊಳ್ಳೆಯ ಮರಿಹುಳುಗಳ ಸಮೀಕ್ಷೆಯ ಕೆಲಸದಲ್ಲಿದ್ದೇನೆ. ಮನೆಮನೆಗೆ ಹೋಗಿ ಡ್ರಮ್ಮು, ತೊಟ್ಟಿ, ಕುಂಡದ ತಟ್ಟೆ ಎಲ್ಲದಕ್ಕೂ ಟಾರ್ಚ್ ಬಿಟ್ಟು ನೋಡುವುದೇ ದಿನದ ಕೆಲಸ. ಡೆಂಗಿ ಹರಡಲು ಮಳೆಯೇ ಬರಬೇಕು ಅಂತೇನಿಲ್ಲ, ನೀರು ನಿಂತಿದ್ದರೆ ಸಾಕು. ಅದನ್ನು ಮೋಡ ತುಂಬಿಸಿದರೂ ಒಂದೇ, ನಾವು ತುಂಬಿಸಿಟ್ಟರೂ ಒಂದೇ.

ಡೆಂಗಿ ಹರಡುವುದು ಮುಖ್ಯವಾಗಿ ಈಡಿಸ್ ಈಜಿಪ್ಟಿ ಅನ್ನುವ ಸೊಳ್ಳೆ. ಇದರ ಜೊತೆಗೆ ಈಡಿಸ್ ಆಲ್ಬೊಪಿಕ್ಟಸ್ ಅಂತ ಇನ್ನೊಂದಿದೆ. ಎರಡಕ್ಕೂ ಕಪ್ಪು ಮೈ, ಕಾಲಿನ ಮೇಲೆ ಬಿಳಿ ಪಟ್ಟೆ. ರಾತ್ರಿ ಕಿವಿ ಹತ್ತಿರ ಗುಂಯ್ ಅನ್ನುವುದು ಸಾಮಾನ್ಯವಾಗಿ ಕ್ಯೂಲೆಕ್ಸ್, ಅದು ಚರಂಡಿಯ ಕೊಳೆ ನೀರಿನಲ್ಲಿ ಬೆಳೆಯುತ್ತದೆ. ಈಡಿಸ್ ಹಗಲಲ್ಲಿ ಕಚ್ಚುತ್ತದೆ. ಬೆಳಗ್ಗೆ ಬೇಗ ಮತ್ತು ಸಂಜೆ ಕತ್ತಲಾಗುವ ಮುಂಚೆ ಜಾಸ್ತಿ. ಮೊಟ್ಟೆ ಇಡುವುದಕ್ಕೆ ಅದು ಹುಡುಕುವುದು ಮನೆ ಪಕ್ಕದ ಡ್ರಮ್ಮು, ತೊಟ್ಟಿ, ಟೈರು, ಹೂಕುಂಡದ ಕೆಳಗಿನ ತಟ್ಟೆ, ಫ್ರಿಜ್ ಹಿಂದಿನ ಟ್ರೇ, ಇಂಥವನ್ನು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮಳೆ ಕೈಕೊಟ್ಟರೆ ನಲ್ಲಿ ನೀರು ದಿನಾ ಬರುವುದಿಲ್ಲ. ಬಂದಾಗ ಜನ ಏನು ಮಾಡುತ್ತಾರೆ? ಇರುವ ಪಾತ್ರೆಯನ್ನೆಲ್ಲ ತುಂಬಿಸಿಡುತ್ತಾರೆ. ಮುಚ್ಚಳ ಇರುವುದಕ್ಕೆ ಮುಚ್ಚುತ್ತಾರೆ, ಉಳಿದವು ಬಾಯಿ ತೆರೆದೇ ಇರುತ್ತವೆ. ಬೇಸಗೆಯಲ್ಲಿ ಈಡಿಸ್‌ಗೆ ಅದೇ ಆಸರೆ. ಮಳೆ ಚೆನ್ನಾಗಿ ಬರುವ ವರ್ಷ ಹೊರಗಿನ ಟೈರು ಡಬ್ಬಗಳಲ್ಲಿ ಸೊಳ್ಳೆ ಬೆಳೆಯುತ್ತದೆ, ಮಳೆ ಬಾರದ ವರ್ಷ ಮನೆ ಒಳಗೇ ಬೆಳೆಯುತ್ತದೆ.

ಬ್ರೆಜಿಲ್‌ನ ಹಲವು ವರ್ಷಗಳ ಅಂಕಿಅಂಶ ಇಟ್ಟುಕೊಂಡು 2021ರಲ್ಲಿ ಬಂದ ಒಂದು ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿದೆ. ತೀರಾ ಜಾಸ್ತಿ ಮಳೆಯಾದರೆ ಮುಂದಿನ ಮೂರು ತಿಂಗಳೊಳಗೆ ಡೆಂಗಿಯ ಅಪಾಯ ಏರುತ್ತದೆ. ಬರ ಬಿದ್ದರೂ ಏರುತ್ತದೆ, ಆದರೆ ಮೂರರಿಂದ ಐದು ತಿಂಗಳು ತಡವಾಗಿ. ಅದೂ ನೀರಿನ ಸರಬರಾಜು ಆಗಾಗ ಕೈಕೊಡುವ ಕಡೆ ಬರದ ಪರಿಣಾಮ ಜೋರಾಗಿತ್ತು. ವಿಯೆಟ್ನಾಂನಲ್ಲಿ ಅದಕ್ಕೂ ಹತ್ತು ವರ್ಷ ಮೊದಲೇ ಇಂಥದ್ದೇ ಒಂದು ವಿಷಯ ಗೊತ್ತಾಗಿತ್ತು. ನಲ್ಲಿ ನೀರಿನ ವ್ಯವಸ್ಥೆ ಇಲ್ಲದ, ಜನ ಒತ್ತೊತ್ತಾಗಿರುವ ಹಳ್ಳಿಗಳು ಮತ್ತು ನಗರದ ಅಂಚುಗಳಲ್ಲೇ ಡೆಂಗಿಯ ಅಪಾಯ ಹೆಚ್ಚು ಅಂತ. ದಿನಾ ನಲ್ಲಿಯಲ್ಲಿ ನೀರು ಬಂದರೆ ಯಾರೂ ಡ್ರಮ್ ಇಡುವುದಿಲ್ಲ.

ಹನಿಸಾಲು
ಇದು ಹೊಳೆದಿರಲಿಲ್ಲ. ಆದರೆ ತುಂಬಾ ದಿನ ಒಣಗಿದ ಡಬ್ಬದಲ್ಲಿ ಸೊಳ್ಳೆ ಸತ್ತು ಹೋಗಿರಬೇಕಲ್ವಾ? ಮತ್ತೆ ನೀರು ಬಿದ್ದ ಒಂದೆರಡು ವಾರದಲ್ಲೇ ಅಷ್ಟೊಂದು ಹೇಗೆ ಹುಟ್ಟುತ್ತವೆ?

ತೊಟ್ಟಿಕಾವಲು
ಸೊಳ್ಳೆ ಸಾಯುತ್ತದೆ, ಮೊಟ್ಟೆ ಸಾಯುವುದಿಲ್ಲ.

ಒಂದು ಹಳೆಯ ಡ್ರಮ್ ಖಾಲಿ ಮಾಡಿ ಒಳಗೋಡೆ ನೋಡಿ. ನೀರು ನಿಂತಿದ್ದ ಗೆರೆಯ ಸ್ವಲ್ಪ ಮೇಲೆ, ಇನ್ನೂ ಒದ್ದೆ ಇರುವ ಜಾಗದಲ್ಲಿ, ಮಸಿ ಉದುರಿಸಿದ ಹಾಗೆ ಸಣ್ಣ ಕಪ್ಪು ಚುಕ್ಕೆಗಳು ಅಂಟಿಕೊಂಡಿರುತ್ತವೆ. ಒಂದೊಂದೂ ಒಂದು ಮಿಲಿಮೀಟರ್‌ಗಿಂತ ಚಿಕ್ಕದು. ಕೊಳೆ ಅಂತ ಯಾರೂ ಗಮನಿಸುವುದಿಲ್ಲ. ಈಡಿಸ್ ನೀರಿನ ಮೇಲೆ ಮೊಟ್ಟೆ ಇಡುವುದಿಲ್ಲ, ನೀರಿನ ಅಂಚಿನ ಗೋಡೆಗೆ ಅಂಟಿಸುತ್ತದೆ. ಒಂದು ಸಲಕ್ಕೆ ಸುಮಾರು ನೂರು. ಅದೂ ಒಂದೇ ಪಾತ್ರೆಯಲ್ಲಿ ಅಲ್ಲ, ನಾಲ್ಕಾರು ಕಡೆ ಹಂಚಿ ಇಡುತ್ತದೆ. ಆ ಮೊಟ್ಟೆಗಳು ಒಣಗಿದ ಗೋಡೆಯ ಮೇಲೆ ತಿಂಗಳುಗಟ್ಟಲೆ ಬದುಕಿರುತ್ತವೆ. ನೀರಿನ ಮಟ್ಟ ಏರಿ ಅವನ್ನು ಮುಟ್ಟಿದರೆ ಸಾಕು, ಒಡೆಯುತ್ತವೆ. ಬೆಚ್ಚಗಿದ್ದರೆ ವಾರದಿಂದ ಹತ್ತು ದಿನದಲ್ಲಿ ಲಾರ್ವಾ, ಪ್ಯೂಪಾ ಎಲ್ಲ ದಾಟಿ ಹಾರುವ ಸೊಳ್ಳೆ ಹೊರಬರುತ್ತದೆ.

ಅದಕ್ಕೇ ನಾನು ಹೋದಲ್ಲೆಲ್ಲ ಒಂದೇ ಮಾತು ಹೇಳುವುದು. ನೀರು ಚೆಲ್ಲಿದರೆ ಅರ್ಧ ಕೆಲಸ. ಬ್ರಷ್ ಹಾಕಿ ಗೋಡೆ ಉಜ್ಜಿ. ಉಜ್ಜದೆ ಮತ್ತೆ ನೀರು ತುಂಬಿಸಿದರೆ ಅಂಟಿಕೊಂಡಿರುವ ಮೊಟ್ಟೆಗಳಿಗೆ ನಾವೇ ನೀರು ಕೊಟ್ಟ ಹಾಗಾಗುತ್ತದೆ.

ಮೊಟ್ಟೆ ಇಷ್ಟು ಗಟ್ಟಿ ಇರುವುದರಿಂದಲೇ ಈ ಸೊಳ್ಳೆಗಳು ಹಡಗು ಹತ್ತಿ ಜಗತ್ತು ಸುತ್ತಿದ್ದು. ಆಲ್ಬೊಪಿಕ್ಟಸ್ ಏಷ್ಯಾದಿಂದ ಹಳೆ ಟೈರುಗಳ ಒಳಗೆ ಕೂತು ಹೋಯಿತು. 1979ರಲ್ಲಿ ಅಲ್ಬೇನಿಯಾದಲ್ಲಿ, 1985ರಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ, 1990ರಲ್ಲಿ ಇಟಲಿಯಲ್ಲಿ ಸಿಕ್ಕಿತು. ಚಳಿ ಪ್ರದೇಶದ ಆಲ್ಬೊಪಿಕ್ಟಸ್‌ನ ಮೊಟ್ಟೆ ಚಳಿಗಾಲವಿಡೀ ಸುಮ್ನೆ ಮಲಗಿದ್ದು ವಸಂತದಲ್ಲಿ ಒಡೆಯುತ್ತದೆ. ಈಜಿಪ್ಟಿಗೆ ಆ ಶಕ್ತಿ ಇಲ್ಲ.

ಅಂಕಿನೋಟ
ನೀರಿನ ಬಗ್ಗೆ ತೊಟ್ಟಿಕಾವಲು ಅವರು ಚೆನ್ನಾಗಿ ಹೇಳಿದ್ದಾರೆ. ನಾನು ಬಿಸಿಯ ಬಗ್ಗೆ ಹೇಳುತ್ತೇನೆ. ನನ್ನ ಲೆಕ್ಕದಲ್ಲಿ ಇದು ನೀರಿಗಿಂತಲೂ ದೊಡ್ಡ ವಿಷಯ. ಯಾರೂ ಇದರ ಬಗ್ಗೆ ಮಾತಾಡುವುದಿಲ್ಲ.

ಸೊಳ್ಳೆ ರೋಗಿಯನ್ನು ಕಚ್ಚಿದ ತಕ್ಷಣ ಬೇರೆಯವರಿಗೆ ಡೆಂಗಿ ಹರಡಲು ಆಗುವುದಿಲ್ಲ. ವೈರಸ್ ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆದು, ಅಲ್ಲಿಂದ ಮೈಯೆಲ್ಲ ಹರಡಿ, ಕೊನೆಗೆ ಜೊಲ್ಲಿನ ಗ್ರಂಥಿಗೆ ಬರಬೇಕು. ಆಮೇಲಷ್ಟೇ ಅದರ ಕಡಿತ ಅಪಾಯ. ಇದಕ್ಕೆ ಹಿಡಿಯುವ ಸಮಯ ಸುತ್ತಲಿನ ಬಿಸಿಯ ಮೇಲೆ ನಿಂತಿದೆ. 25 ಡಿಗ್ರಿಯಲ್ಲಿ ಸರಾಸರಿ ಎರಡು ವಾರ. 30 ಡಿಗ್ರಿಯಲ್ಲಿ ಹೆಚ್ಚೂಕಮ್ಮಿ ಒಂದೇ ವಾರ.

ಐದು ಡಿಗ್ರಿಗೆ ಒಂದು ವಾರ ವ್ಯತ್ಯಾಸ, ಅದರಲ್ಲೇನಿದೆ ಅನ್ನಿಸಬಹುದು. ಆದರೆ ಸೊಳ್ಳೆಯ ಆಯುಸ್ಸೇ ಕಮ್ಮಿ. ಹೊರಗೆ ಹೆಚ್ಚಿನವು ಎರಡು ಮೂರು ವಾರದೊಳಗೆ ಸಾಯುತ್ತವೆ. ಹಾಗಾಗಿ 25 ಡಿಗ್ರಿಯಲ್ಲಿ ಬಹಳಷ್ಟು ಸೊಳ್ಳೆಗಳು ವೈರಸ್ ಹೊತ್ತುಕೊಂಡೇ ಯಾರಿಗೂ ಹರಡದೆ ಸಾಯುತ್ತವೆ. 30ರಲ್ಲಿ ಹಾಗಲ್ಲ, ಹರಡುವ ಶಕ್ತಿ ಬಂದ ಮೇಲೂ ಅವಕ್ಕೆ ಬದುಕುವ ದಿನ ಉಳಿದಿರುತ್ತವೆ. ಮೇಲಿಂದ ಬಿಸಿ ಇದ್ದರೆ ಲಾರ್ವಾ ಬೇಗ ಬೆಳೆಯುತ್ತದೆ. ಕುಡಿದ ರಕ್ತ ಬೇಗ ಜೀರ್ಣವಾಗುತ್ತದೆ, ಮತ್ತೆ ಬೇಗ ಕಚ್ಚಲು ಬರುತ್ತದೆ. ಎಲ್ಲ ಒಂದೇ ದಿಕ್ಕಿಗೆ ಎಳೆಯುತ್ತವೆ.

ಬೇವಿನಮರ
ಹಾಗಾದರೆ ಬಿಸಿ ಜಾಸ್ತಿ ಆದಷ್ಟೂ ಡೆಂಗಿ ಜಾಸ್ತಿ ಅಂತಾನಾ ಸರ್? ಕಡು ಬೇಸಗೆಯಲ್ಲಿ ಕೇಸ್ ಅಷ್ಟೊಂದು ಇರುವುದಿಲ್ಲವಲ್ಲ.

ಅಂಕಿನೋಟ
ಇಲ್ಲ, ಅದಕ್ಕೂ ಮಿತಿ ಇದೆ. 2017ರಲ್ಲಿ ಬಂದ ಲೆಕ್ಕದ ಪ್ರಕಾರ ಈಜಿಪ್ಟಿ ಸೊಳ್ಳೆಯಿಂದ ಹರಡುವಿಕೆ ಸುಮಾರು 18 ಡಿಗ್ರಿಗಿಂತ ಕೆಳಗೆ ನಡೆಯುವುದಿಲ್ಲ, 29ರ ಹತ್ತಿರ ತುದಿ ಮುಟ್ಟುತ್ತದೆ, 34 ದಾಟುತ್ತಿದ್ದಂತೆ ನಿಂತೇ ಹೋಗುತ್ತದೆ. ಆಲ್ಬೊಪಿಕ್ಟಸ್‌ಗೆ ಇನ್ನೂ ತಂಪು ಬೇಕು, ಅದರ ತುದಿ 26ರ ಆಸುಪಾಸು. ಇವು ಸರಾಸರಿ ಉಷ್ಣಾಂಶದ ಲೆಕ್ಕ, ಮಧ್ಯಾಹ್ನದ ಗರಿಷ್ಠದ ಲೆಕ್ಕ ಅಲ್ಲ. ಇದನ್ನು ಗಮನಿಸಿ.

ಹಗಲು ರಾತ್ರಿಯ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ. ಸರಾಸರಿ ಒಂದೇ 26 ಡಿಗ್ರಿ ಇದ್ದರೂ, ಹಗಲು ಕಾದು ರಾತ್ರಿ ತೀರಾ ತಣ್ಣಗಾಗುವ ಕಡೆ ಸೊಳ್ಳೆಗೆ ವೈರಸ್ ಹಿಡಿಯುವುದು ಕಮ್ಮಿ. ದಿನವಿಡೀ ಒಂದೇ ಹದದಲ್ಲಿ ಬೆಚ್ಚಗಿದ್ದರೆ ಜಾಸ್ತಿ. 2011ರಲ್ಲೇ ಪ್ರಯೋಗಶಾಲೆಯಲ್ಲಿ ಇದನ್ನು ತೋರಿಸಿದ್ದಾರೆ. ಮೋಡ ಕವಿದು ಹಗಲು ರಾತ್ರಿ ಒಂದೇ ರೀತಿ ಸೆಕೆ ಇರುವ ತಿಂಗಳುಗಳಲ್ಲಿ ಡೆಂಗಿ ಏರುವುದಕ್ಕೆ ಇದೂ ಒಂದು ಕಾರಣ ಇರಬಹುದು ಅಂತ ನನಗೆ ಅನ್ನಿಸುತ್ತದೆ. ಆಗ ಗಾಳಿಯಲ್ಲಿ ತೇವವೂ ಇರುತ್ತದೆ. ಒಣ ಗಾಳಿಯಲ್ಲಿ ಸೊಳ್ಳೆಯ ಮೈ ಬೇಗ ಒಣಗಿ ಸಾಯುತ್ತದೆ, ತೇವ ಇದ್ದರೆ ಜಾಸ್ತಿ ದಿನ ಬದುಕುತ್ತದೆ.

ತೊಟ್ಟಿಕಾವಲು
ಒಂದು ಸೇರಿಸುತ್ತೇನೆ. ಹವಾಮಾನ ಕೇಂದ್ರದ 40 ಡಿಗ್ರಿ ನೋಡಿ ಸೊಳ್ಳೆ ಸತ್ತಿತು ಅಂದುಕೊಳ್ಳಬೇಡಿ. ಈಜಿಪ್ಟಿ ಬಿಸಿಲಲ್ಲಿ ಕೂರುವುದೇ ಇಲ್ಲ. ಮಂಚದ ಕೆಳಗೆ, ಕಪಾಟಿನ ಹಿಂದೆ, ನೇತುಹಾಕಿದ ಬಟ್ಟೆಯ ಮರೆಯಲ್ಲಿ, ಬಚ್ಚಲಿನ ಮೂಲೆಯಲ್ಲಿ ಇರುತ್ತದೆ. ಅಲ್ಲಿನ ಬಿಸಿ ಬೇರೆಯೇ. ಹೊರಗೆ ಕಾದು ಕೆಂಡವಾದರೂ ಒಳಗಿನ ಕತ್ತಲೆ ಮೂಲೆ ಅದಕ್ಕೆ ಹಿತವಾಗಿಯೇ ಇರುತ್ತದೆ.

ಗುಡ್ಡದಾಚೆ
ತಣ್ಣಗಿನ ಎತ್ತರದ ಜಾಗಗಳಿಗೂ ಈಗ ಡೆಂಗಿ ಬರುತ್ತಿರುವುದಕ್ಕೆ ಇದೇ ಕಾರಣ ಅಲ್ವಾ? ನೇಪಾಳದಲ್ಲಿ ಮೊದಲ ಕೇಸ್ ದಾಖಲಾಗಿದ್ದು 2004ರಲ್ಲಿ. 2022ರಲ್ಲಿ 50,000 ದಾಟಿತು, ಸುಮಾರು 1,300 ಮೀಟರ್ ಎತ್ತರದ ಕಠ್ಮಂಡು ಕಣಿವೆಯೂ ಬಿಡಲಿಲ್ಲ. ಯುರೋಪಿನಲ್ಲಿ 2010ರಲ್ಲಿ ಫ್ರಾನ್ಸ್, ಕ್ರೊಯೇಷ್ಯಾಗಳಲ್ಲಿ ಅಲ್ಲೇ ಸೊಳ್ಳೆ ಕಚ್ಚಿ ಡೆಂಗಿ ಬಂತು, 2012ರಲ್ಲಿ ಪೋರ್ಚುಗಲ್‌ನ ಮಡೈರಾ ದ್ವೀಪದಲ್ಲಿ 2,000ಕ್ಕೂ ಜಾಸ್ತಿ ಜನಕ್ಕೆ ಬಂತು. 2024ರಲ್ಲಂತೂ ಜಗತ್ತಿನಲ್ಲಿ 1.4 ಕೋಟಿಗೂ ಹೆಚ್ಚು ಕೇಸ್ ವರದಿಯಾದವು. ಭೂಮಿ ಬಿಸಿಯಾಗುತ್ತಿರುವುದರ ನೇರ ಪರಿಣಾಮ ಇದು. ಇದನ್ನು ಬಿಟ್ಟು ಡ್ರಮ್ಮು ಟೈರು ಅಂತ ಮಾತಾಡಿದರೆ ಏನು ಪ್ರಯೋಜನ?

ಊರುಗೋಲು
ಗುಡ್ಡದಾಚೆ ಅವರೇ, ನಿಮ್ಮ ಕಾಳಜಿ ಸರಿ, ಆದರೆ ಪೂರ್ತಿ ಒಪ್ಪುವುದಿಲ್ಲ. ಎಲ್ಲವನ್ನೂ ಹವಾಮಾನ ಬದಲಾವಣೆಯ ತಲೆಗೆ ಕಟ್ಟಿದರೆ ನಾವು ಮಾಡಬೇಕಾದ್ದು ಕಾಣುವುದೇ ಇಲ್ಲ. ಗ್ರೀಸ್‌ನಲ್ಲಿ 1927–28ರಲ್ಲಿ ದೊಡ್ಡ ಡೆಂಗಿ ಬಂದಿತ್ತು. ಹತ್ತು ಲಕ್ಷದ ಹತ್ತಿರ ಜನ ಮಲಗಿದರು, ಸಾವಿರಕ್ಕೂ ಜಾಸ್ತಿ ಜನ ಸತ್ತರು. ಆಗ ಯಾವ ಜಾಗತಿಕ ಬಿಸಿ?

ಅಮೆರಿಕ ಖಂಡದ ಕಥೆ ನೋಡಿ. 1947ರಲ್ಲಿ ಅಲ್ಲಿನ ದೇಶಗಳು ಸೇರಿ ಈಜಿಪ್ಟಿ ಸೊಳ್ಳೆಯನ್ನು ನಿರ್ನಾಮ ಮಾಡಲು ಹೊರಟವು. ಅದೇ ಸೊಳ್ಳೆ ಹರಡುವ ಹಳದಿ ಜ್ವರದ ಭಯಕ್ಕೆ. 1962ರ ಹೊತ್ತಿಗೆ 18 ದೇಶಗಳಲ್ಲಿ ಅದು ಇಲ್ಲವಾಯಿತು. ಬ್ರೆಜಿಲ್ ಕೂಡ ಅದರಲ್ಲಿತ್ತು. ಬಿಸಿಲು ಅದೇ, ಮಳೆ ಅದೇ. ಮನೆಮನೆ ಹುಡುಕಿ ನೀರಿನ ಪಾತ್ರೆ ನೋಡುವ ಜನ ಇದ್ದರು ಅಷ್ಟೇ. ಆಮೇಲೆ ದುಡ್ಡು ನಿಂತಿತು, ಉತ್ಸಾಹವೂ ಹೋಯಿತು, ನಗರಗಳು ಯೋಜನೆ ಇಲ್ಲದೆ ಬೆಳೆದವು, ಸೊಳ್ಳೆ ವಾಪಸ್ ಬಂತು. 2024ರಲ್ಲಿ ಬ್ರೆಜಿಲ್ ಒಂದರಲ್ಲೇ 60 ಲಕ್ಷಕ್ಕೂ ಜಾಸ್ತಿ ಕೇಸ್.

ಇನ್ನೊಂದು. ಅಮೆರಿಕದ ಲರೆಡೊ ಮತ್ತು ಮೆಕ್ಸಿಕೊದ ನ್ಯೂವೊ ಲರೆಡೊ ಎದುರುಬದುರು ಊರುಗಳು. ನಡುವೆ ಒಂದು ನದಿ, ಎರಡೂ ಕಡೆ ಒಂದೇ ಹವೆ. 1999ರಲ್ಲಿ ಅಲ್ಲಿ ಡೆಂಗಿ ಬಂದಾಗ ಎರಡೂ ಕಡೆ ಜನರ ರಕ್ತ ಪರೀಕ್ಷೆ ಮಾಡಿದರು, ಸೊಳ್ಳೆಯನ್ನೂ ಎಣಿಸಿದರು. ಸೊಳ್ಳೆ ಜಾಸ್ತಿ ಇದ್ದದ್ದು ಅಮೆರಿಕದ ಕಡೆ. ಸೋಂಕು ಜಾಸ್ತಿ ಇದ್ದದ್ದು ಮೆಕ್ಸಿಕೊ ಕಡೆ. ಯಾಕೆಂದರೆ ಅಮೆರಿಕದ ಕಡೆ ಮನೆಗಳಲ್ಲಿ ಎಸಿ ಇತ್ತು, ಕಿಟಕಿ ಮುಚ್ಚಿರುತ್ತಿತ್ತು, ಮನೆಗಳ ನಡುವೆ ಜಾಗ ಇತ್ತು. ಮನುಷ್ಯರಿಗೆ ಕಚ್ಚಲು ಸೊಳ್ಳೆಗೆ ಅವಕಾಶವೇ ಸಿಗುತ್ತಿರಲಿಲ್ಲ. ಪರಿಸರ ಅಂದರೆ ಆಕಾಶ ಮಾತ್ರ ಅಲ್ಲ, ಮನೆಯ ಗೋಡೆ ಕಿಟಕಿಯೂ ಪರಿಸರವೇ. ಬಡವರ ಮನೆಗೆ ಡೆಂಗಿ ಮೊದಲು ನುಗ್ಗುವುದು ಇದಕ್ಕೇ, ಇದು ನನಗೆ ತುಂಬಾ ನೋವಿನ ವಿಷಯ.

ಗುಡ್ಡದಾಚೆ
ಲರೆಡೊ ವಿಷಯ ನನಗೆ ಗೊತ್ತಿರಲಿಲ್ಲ, ಥ್ಯಾಂಕ್ಸ್. ಆದರೂ ನನ್ನ ಮಾತು ಬಿಡುವುದಿಲ್ಲ. ಮೊದಲು ಚಳಿ ಒಂದು ಬೇಲಿ ಆಗಿತ್ತು. 18 ಡಿಗ್ರಿಗಿಂತ ಕೆಳಗೆ ಹರಡುವುದಿಲ್ಲ ಅಂತ ಅಂಕಿನೋಟ ಅವರೇ ಹೇಳಿದರಲ್ಲ. ಆ ಬೇಲಿ ಈಗ ಮೇಲಕ್ಕೆ ಸರಿಯುತ್ತಿದೆ. ಟೈರು, ಡ್ರಮ್ಮು ಬೆಟ್ಟದ ಊರುಗಳಲ್ಲಿ ಮೊದಲೂ ಇದ್ದವು, ಆಗ ಡೆಂಗಿ ಇರಲಿಲ್ಲ.

ಅಂಕಿನೋಟ
ಇಬ್ಬರ ಮಾತೂ ಸರಿ, ಬೇರೆ ಬೇರೆ ಪ್ರಶ್ನೆಗೆ ಉತ್ತರ ಅಷ್ಟೇ. ಡೆಂಗಿ ಎಲ್ಲಿ ಬರಲು ಸಾಧ್ಯ, ವರ್ಷದಲ್ಲಿ ಎಷ್ಟು ತಿಂಗಳು ಸಾಧ್ಯ ಅನ್ನುವುದನ್ನು ಬಿಸಿ ನಿರ್ಧರಿಸುತ್ತದೆ. ಸಾಧ್ಯ ಇರುವ ಕಡೆ ಎಷ್ಟು ಜನಕ್ಕೆ ಬರುತ್ತದೆ ಅನ್ನುವುದನ್ನು ನೀರು, ಮನೆ, ಕಸ, ಜನಸಂದಣಿ ನಿರ್ಧರಿಸುತ್ತವೆ. ಬೆಟ್ಟದ ಮೇಲೆ ಗುಡ್ಡದಾಚೆ ಅವರ ವಾದ ಗೆಲ್ಲುತ್ತದೆ, ಮೊದಲೇ ಬೆಚ್ಚಗಿರುವ ನಗರದಲ್ಲಿ ಊರುಗೋಲು ಅವರದ್ದು. ಇದರ ಮೇಲೆ ಜನರ ಓಡಾಟ. ಸೊಳ್ಳೆ ತಾನೇ ಹಾರುವುದು ಕೆಲವು ನೂರು ಮೀಟರ್. ವೈರಸ್ಸನ್ನು ಊರಿಂದ ಊರಿಗೆ ಹೊತ್ತುಕೊಂಡು ಹೋಗುವವರು ನಾವು. ಬಸ್ಸಲ್ಲಿ, ವಿಮಾನದಲ್ಲಿ.

ಇನ್ನೂ ಒಂದನ್ನು ಮರೆಯಬಾರದು. ಡೆಂಗಿಯಲ್ಲಿ ನಾಲ್ಕು ಬಗೆಯ ವೈರಸ್ ಇವೆ. ಒಂದು ಬಂದು ಹೋದರೆ ಅದರಿಂದ ಮಾತ್ರ ಕಾಯಂ ರಕ್ಷಣೆ. ಬೇರೆ ಬಗೆ ಬಂದರೆ ಮತ್ತೆ ಕಾಯಿಲೆ, ಎರಡನೇ ಸಲ ಜೋರಾಗುವ ಸಾಧ್ಯತೆಯೂ ಜಾಸ್ತಿ. ತುಂಬಾ ದಿನ ಕಾಣದಿದ್ದ ಬಗೆ ಒಂದು ಊರಿಗೆ ಬಂದರೆ, ಹವಾಮಾನ ಹೋದ ವರ್ಷದ ಹಾಗೇ ಇದ್ದರೂ ಕೇಸ್ ದಿಢೀರ್ ಏರುತ್ತವೆ. ಹಾಗಾಗಿ ಒಂದು ವರ್ಷದ ಮಳೆ ಲೆಕ್ಕ ಮಾತ್ರ ಹಿಡಿದುಕೊಂಡು ಇದರಿಂದಲೇ ಆಯಿತು ಅಂತ ಹೇಳಬೇಡಿ.

ಬೇವಿನಮರ
ಜೋರು ಮಳೆ ಬಂದರೆ ಲಾರ್ವಾ ಕೊಚ್ಚಿ ಹೋಗುವುದಿಲ್ಲವಾ?

ತೊಟ್ಟಿಕಾವಲು
ಹೋಗುತ್ತದೆ. ಹೊರಗಿನ ಸಣ್ಣ ಪಾತ್ರೆಗಳು ತುಂಬಿ ಹರಿದಾಗ ಲಾರ್ವಾ ನೆಲಕ್ಕೆ ಬಿದ್ದು ಸಾಯುತ್ತವೆ. ಸಿಂಗಪುರದಲ್ಲಿ ಭಾರಿ ಮಳೆಯ ನಂತರದ ಕೆಲವು ವಾರ ಡೆಂಗಿ ಇಳಿಯುವುದನ್ನು ಗಮನಿಸಿದ್ದಾರೆ. ಆದರೆ ಗೋಡೆಯ ಮೊಟ್ಟೆ ಉಳಿದಿರುತ್ತದೆ, ಮಳೆ ನಿಂತ ಮೇಲೆ ಪಾತ್ರೆಯಲ್ಲಿ ನೀರೂ ಉಳಿದಿರುತ್ತದೆ. ಬಿಟ್ಟು ಬಿಟ್ಟು ಬರುವ ಮಳೆ, ನಡುವೆ ನಾಲ್ಕು ದಿನ ಬಿಸಿಲು, ಇದೇ ಎಲ್ಲಕ್ಕಿಂತ ಕೆಟ್ಟದ್ದು. ಒಂದೊಂದು ಸಲ ನೀರೇರಿದಾಗಲೂ ಇನ್ನೊಂದು ಗೆರೆಯ ಮೊಟ್ಟೆ ಒಡೆಯುತ್ತದೆ.

ಕಿಟಕಿಬೆಳಕು
ಎಲ್ಲರಿಗೂ ಥ್ಯಾಂಕ್ಸ್, ಈಗ ಅರ್ಥವಾಗುತ್ತಿದೆ. ಇಲ್ಲಿ ಕೇಸ್ ಜಾಸ್ತಿ ಆದ ಮೇಲೆ ಫಾಗಿಂಗ್ ಮಾಡಿ ಹೋದರು. ಅದರಿಂದ ಏನಾದರೂ ಆಗುತ್ತದಾ? ಮತ್ತೆ ಯಾವಾಗ ಎಚ್ಚರ ಶುರು ಮಾಡಬೇಕು?

ಅಂಕಿನೋಟ
ಹೊಗೆ ಕೊಲ್ಲುವುದು ಆ ಹೊತ್ತಿಗೆ ಹಾರಾಡುತ್ತಿರುವ ಸೊಳ್ಳೆಯನ್ನು ಮಾತ್ರ. ನೀರೊಳಗಿನ ಲಾರ್ವಾಕ್ಕೆ, ಗೋಡೆಯ ಮೊಟ್ಟೆಗೆ ಏನೂ ಆಗುವುದಿಲ್ಲ. ಈಜಿಪ್ಟಿ ಮನೆ ಒಳಗೆ ಕೂತಿರುತ್ತದೆ, ಹೊಗೆ ಬೀದಿಯಲ್ಲಿ ಹೋಗುತ್ತದೆ. ಬಹಳ ಕಡೆ ಸೊಳ್ಳೆಗೆ ಆ ಔಷಧಿ ನಾಟುವುದೂ ಇಲ್ಲ.

ಸಮಯದ ಲೆಕ್ಕ ಮಾಡಿ ನೋಡಿ. ನೀರು ಬಿದ್ದ ದಿನದಿಂದ ಸೊಳ್ಳೆ ಹಾರಲು ವಾರದಿಂದ ಹತ್ತು ದಿನ. ಅದು ರೋಗಿಯನ್ನು ಕಚ್ಚಿದ ಮೇಲೆ ವೈರಸ್ ಬೆಳೆಯಲು ಇನ್ನೊಂದರಿಂದ ಎರಡು ವಾರ. ಅದು ಕಚ್ಚಿದವರಿಗೆ ಜ್ವರ ಬರಲು 4ರಿಂದ 10 ದಿನ. ಮೊದಲ ಸುತ್ತಿಗೇ ಮೂರರಿಂದ ಐದು ವಾರ ಆಯಿತು. ನಾಲ್ಕು ಜನಕ್ಕೆ ಬಂದದ್ದು ನಾನೂರಾಗಲು ಇಂಥ ಸುತ್ತು ಇನ್ನೂ ಒಂದೆರಡು ಬೇಕು. ಅದೂ ಅಲ್ಲದೆ ಸೋಂಕು ತಗುಲಿದ ಹೆಚ್ಚಿನವರಿಗೆ ಲಕ್ಷಣವೇ ಇರುವುದಿಲ್ಲ, ಅವರಿಂದಲೂ ಸೊಳ್ಳೆಗೆ ಹೋಗುತ್ತದೆ. ಆಸ್ಪತ್ರೆಯಲ್ಲಿ ಬೆಡ್ ತುಂಬಿದ ಮೇಲೆ ಹೊರಡುವ ಫಾಗಿಂಗ್ ಗಾಡಿ ಎರಡು ತಿಂಗಳು ತಡವಾಗಿ ಹೊರಟಿರುತ್ತದೆ. ಕೆಲಸ ಶುರುವಾಗಬೇಕಾದ್ದು ಒಣ ತಿಂಗಳಲ್ಲಿ, ಮೊದಲ ಮಳೆಗೂ ಮುಂಚೆ.

ಬೇವಿನಮರ
ಬ್ಯಾಕ್ಟೀರಿಯಾ ಇರುವ ಸೊಳ್ಳೆ ಬಿಡುತ್ತಾರಂತಲ್ಲ, ಅದು ನಿಜವಾ?

ಅಂಕಿನೋಟ
ನಿಜ. ವೊಲ್ಬಾಕಿಯಾ ಅಂತ. ಅದು ಮೈಯಲ್ಲಿರುವ ಈಜಿಪ್ಟಿಯಲ್ಲಿ ಡೆಂಗಿ ವೈರಸ್ ಸರಿಯಾಗಿ ಬೆಳೆಯುವುದಿಲ್ಲ. ಇಂಡೊನೇಷ್ಯಾದ ಯೋಗ್ಯಕರ್ತದಲ್ಲಿ ಪ್ರಯೋಗ ಮಾಡಿ 2021ರಲ್ಲಿ ಫಲಿತಾಂಶ ಕೊಟ್ಟರು. ಸೊಳ್ಳೆ ಬಿಟ್ಟ ಕಡೆ ಡೆಂಗಿ 77% ಕಮ್ಮಿ, ಆಸ್ಪತ್ರೆ ಸೇರಿದವರು 86% ಕಮ್ಮಿ. ಇಲ್ಲೂ ಬಿಸಿಯ ಪ್ರಶ್ನೆ ಇದೆ. ಲಾರ್ವಾ ಇರುವ ನೀರು ತೀರಾ ಕಾದರೆ ಬಳಸುವ ಒಂದು ಬಗೆಯ ವೊಲ್ಬಾಕಿಯಾ ಸೊಳ್ಳೆಯ ಮೈಯಲ್ಲಿ ಕಮ್ಮಿಯಾಗುತ್ತದೆ.

ತೊಟ್ಟಿಕಾವಲು
ಕಿಟಕಿಬೆಳಕು ಅವರೇ, ನಿಮ್ಮ ತಂಗಿ ಬೇಗ ಗಟ್ಟಿಯಾಗಲಿ. ಮನೆಯಲ್ಲಿ ಇನ್ನು ಯಾರಿಗಾದರೂ ಜ್ವರ ಬಂದರೆ ಅವರನ್ನು ಹಗಲಲ್ಲೂ ಸೊಳ್ಳೆಪರದೆಯೊಳಗೆ ಮಲಗಿಸಿ. ಜ್ವರ ಇರುವ ದಿನಗಳಲ್ಲಿ ಸೊಳ್ಳೆ ಅವರನ್ನು ಕಚ್ಚಿದರೆ ಅದೇ ಮುಂದಿನವರಿಗೆ ಹರಡುವುದು. ವಾರಕ್ಕೊಂದು ದಿನ ಗೊತ್ತು ಮಾಡಿಕೊಂಡು ಪಾತ್ರೆಗಳನ್ನೆಲ್ಲ ಖಾಲಿ ಮಾಡಿ ಉಜ್ಜಿ. ವಾರ ಯಾಕೆಂದರೆ ಮೊಟ್ಟೆ ಒಡೆದು ಸೊಳ್ಳೆ ಆಗುವುದಕ್ಕೆ ಅಷ್ಟು ದಿನ ಬೇಕು. ಖಾಲಿ ಮಾಡಲಾಗದ ದೊಡ್ಡ ತೊಟ್ಟಿಗೆ ಲಾರ್ವಾ ತಿನ್ನುವ ಮೀನು ಬಿಡಬಹುದು. ವಿಯೆಟ್ನಾಂನ ಹಳ್ಳಿಗಳಲ್ಲಿ ಮೀಸೊಸೈಕ್ಲಾಪ್ಸ್ ಅನ್ನುವ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ನೀರಜೀವಿ ಬಿಟ್ಟು ತುಂಬಾ ಕಡೆ ಈಜಿಪ್ಟಿಯನ್ನೇ ಇಲ್ಲವಾಗಿಸಿದ್ದಾರೆ.

ಕಿಟಕಿಬೆಳಕು
ನಮ್ಮ ನೆಲದ ತೊಟ್ಟಿಗೆ ಸಿಮೆಂಟ್ ಮುಚ್ಚಳ ಇದೆ. ಆದರೆ ಪಕ್ಕದಲ್ಲಿ ಒಂದು ಮೂಲೆ ಮುರಿದು ಎರಡು ಬೆರಳು ಹೋಗುವಷ್ಟು ಸಂದಿ. ಅದರಿಂದ ತೊಂದರೆ ಇದೆಯಾ?

ತೊಟ್ಟಿಕಾವಲು
ಖಂಡಿತ ಇದೆ. ಒಳಗೆ ಕತ್ತಲೆ, ತಂಪು, ನಿಂತ ನೀರು, ಸೊಳ್ಳೆಗೆ ಬೇಕಾದ್ದೆಲ್ಲ ಅಲ್ಲೇ ಇದೆ. ಸಂದಿಗೆ ಇವತ್ತೇ ಸೊಳ್ಳೆಪರದೆಯ ತುಂಡು ಮಡಚಿ ತುರುಕಿ, ಆಮೇಲೆ ಸಿಮೆಂಟ್ ಹಾಕಿಸಿ. ತುಂಬಿದ ನೀರು ಹೊರಗೆ ಬೀಳುವ ಪೈಪ್ ಇದ್ದರೆ ಅದರ ಬಾಯಿಗೂ ಸಣ್ಣ ಕಣ್ಣಿನ ಬಲೆ ಕಟ್ಟಿ, ಜನ ಅದನ್ನೇ ಮರೆಯುವುದು. ಮುಚ್ಚುವ ಮೊದಲು ಟಾರ್ಚ್ ಬಿಟ್ಟು ನೋಡಿ. ಬೆಳಕು ಬಿದ್ದ ಕೂಡಲೇ ಹುಳಗಳು ಬಳುಕುತ್ತಾ ಕೆಳಕ್ಕೆ ಹೋಗುತ್ತವೆ, ಒಂದೆರಡು ನಿಮಿಷ ಕಾದರೆ ಉಸಿರಾಡಲು ಮತ್ತೆ ಮೇಲೆ ಬರುತ್ತವೆ. ಕಂಡರೆ ಮೊದಲು ತೊಟ್ಟಿ ಖಾಲಿ ಮಾಡಿಸಿ, ಗೋಡೆ ಉಜ್ಜಿಸಿ, ಆಮೇಲೆ ಮುಚ್ಚಿ.